ಬಿಳಿ ಚುಕ್ಕೆ ತುಂಬುವವಳು

ಸೆಪ್ಟೆಂಬರ್ ೩, ಸೋಮವಾರ

ಕಣ್ಣಿನ ಡಾಕ್ಟರು ಚೌಕುಳಿ ಗೆರೆಗಳ ಒಂದು ಕಾರ್ಡು ಕೊಟ್ಟು, ದಿನಾ ಬೆಳಿಗ್ಗೆ ಒಂದು ಕಣ್ಣು ಮುಚ್ಚಿಕೊಂಡು ಇದನ್ನು ದಿಟ್ಟಿಸಿ ನೋಡಿ, ಗೆರೆ ಎಲ್ಲಾದರೂ ಬಾಗಿದಂತೆ ಕಂಡರೆ ತಕ್ಷಣ ಬನ್ನಿ ಎಂದಿದ್ದಾರೆ. ಮಾಡಲು ಕೆಲಸವಿಲ್ಲದವರಿಗೆ ಹೇಳುವ ಮಾತು. ಗೆರೆ ನೋಡುವುದೇ ಮುಖ್ಯವಾದರೆ ಗೆರೆಯಿರುವ ಪುಸ್ತಕ ಸಾಲದೇ ಎಂದುಕೊಂಡು ಬರುವ ದಾರಿಯಲ್ಲಿ ಈ ನೋಟ್‌ಬುಕ್ ಕೊಂಡೆ. ಬರೆದ ಹಾಗೂ ಆಯಿತು, ನೋಡಿದ ಹಾಗೂ ಆಯಿತು. ಇವತ್ತು ಗೆರೆಗಳೆಲ್ಲ ನೆಟ್ಟಗಿವೆ. ಎರಡೂ ಕಣ್ಣುಗಳ ಒಳಪರದೆಯ ನಡುವೆ ಸವೆತ ಶುರುವಾಗಿದೆಯಂತೆ. ಐವತ್ತಾರು ವರ್ಷದ ಕಣ್ಣು ಸವೆಯದೆ ಇನ್ನೇನು ಚಿಗುರುತ್ತದೆಯೇ?

ಹೇಳಬೇಕಾದ ಸುದ್ದಿ ಅದಲ್ಲ. ಮ್ಯೂಸಿಯಮ್ಮಿನಿಂದ ಕೆಲಸ ಬಂದಿದೆ, ಅದೂ ಅಕ್ಕನ ಫೋಟೋಗಳ ಪ್ರದರ್ಶನದ ಕೆಲಸ! ನಲವತ್ತು ವರ್ಷದ ಹಿಂದೆ ಈ ಊರಿನಲ್ಲಿ ಪಂಕ್ ಸಂಗೀತ ಎಂದು ಒಂದು ಹುಟ್ಟಿಕೊಂಡಿತ್ತು. ಮೂರು ಕಡೆ ಬೆರಳಿಡಲು ಬಂದರೆ ಸಾಕು, ಗಿಟಾರು ಹಿಡಿದು ವೇದಿಕೆ ಹತ್ತಬಹುದು. ಅಂಗಿ ಹರಿದುಕೊಂಡು ಪಿನ್ನು ಚುಚ್ಚಿಕೊಳ್ಳುವುದು, ತಲೆಕೂದಲನ್ನು ಬಾಟಲಿ ತೊಳೆಯುವ ಬ್ರಷ್ಷಿನ ಹಾಗೆ ನಿಲ್ಲಿಸಿಕೊಳ್ಳುವುದು, ಕಿರುಚುವುದು. ಅದರ ಮೊದಲ ಎರಡು ವರ್ಷದ ಫೋಟೋಗಳಿರುವುದು ಅಕ್ಕನೊಬ್ಬಳ ಹತ್ತಿರವಂತೆ. ನೆಗೆಟಿವ್‌ಗಳ ಡಬ್ಬ ಅವಳ ಮಂಚದ ಕೆಳಗೆ ಹಳೇ ಶೂಗಳ ಜೊತೆ ಬಿದ್ದಿತ್ತು. ಪ್ರದರ್ಶನದ ಹೊಣೆ ಹೊತ್ತ ಕ್ಯುರೇಟರ್ ಹುಡುಗಿ ಅದನ್ನು ಪತ್ತೆ ಹಚ್ಚಿದ್ದು ಅಕ್ಕ ಆಸ್ಪತ್ರೆ ಸೇರಿದ ಮೇಲೆ.

ನಲವತ್ತಾರು ಚಿತ್ರ. ಹಳೇ ಪದ್ಧತಿಯಲ್ಲೇ ಡಾರ್ಕ್‌ರೂಮಿನಲ್ಲಿ ಪ್ರಿಂಟು ಹಾಕಿಸುತ್ತಾರೆ. ಆಮೇಲೆ ನನ್ನ ಸರದಿ. ನೆಗೆಟಿವ್ ಮೇಲೆ ಕೂತ ಒಂದೊಂದು ಧೂಳಿನ ಕಣವೂ ಪ್ರಿಂಟಿನಲ್ಲಿ ಬಿಳಿ ಚುಕ್ಕೆಯಾಗಿ ಬೀಳುತ್ತದೆ. ಮೂರೇ ಕೂದಲಿನ ಬ್ರಷ್ಷು, ಕಪ್ಪು ಬಣ್ಣ, ತುದಿ ಚೂಪಾಗಲು ನಾಲಿಗೆಯ ತೇವ. ಅಷ್ಟಿದ್ದರೆ ಸುತ್ತಲಿನ ಬಣ್ಣಕ್ಕೆ ಹೊಂದುವ ಹಾಗೆ ಒಂದೊಂದೇ ಚುಕ್ಕೆ ತುಂಬುತ್ತ ಹೋಗುತ್ತೇನೆ. ಕೆಲಸ ಚೆನ್ನಾಗಿ ಆಯಿತೆಂದರೆ ಅಲ್ಲಿ ನಾನು ಕೈಯಾಡಿಸಿದ್ದೇನೆ ಎಂಬುದೇ ಯಾರಿಗೂ ತಿಳಿಯಬಾರದು. ನಲವತ್ತು ವರ್ಷದಿಂದ ತಿಳಿದಿಲ್ಲ.

ಪ್ರದರ್ಶನ ಶುರುವಾಗುವುದು ಅಕ್ಟೋಬರ್ ಹತ್ತೊಂಬತ್ತಕ್ಕೆ. ಅಕ್ಕನಿಗೆ ಡಾಕ್ಟರು ಹೇಳಿರುವುದು ಹೆಚ್ಚೆಂದರೆ ಎರಡು ತಿಂಗಳು. ಅಷ್ಟರಲ್ಲಿ ಅವಳು ಗೋಡೆಯ ಮೇಲೆ ತನ್ನ ಚಿತ್ರ ನೋಡಬೇಕು. ನೋಡಿಯೇ ನೋಡುತ್ತಾಳೆ, ನಾನಿದ್ದೇನಲ್ಲ.

ಸೆಪ್ಟೆಂಬರ್ ೬, ಗುರುವಾರ

ಆಸ್ಪತ್ರೆಗೆ ಹೋಗಿದ್ದೆ. ಅಕ್ಕನಿಗೆ ಕಿಟಕಿ ಪಕ್ಕದ ಮಂಚ ಸಿಕ್ಕಿದೆ. ಕಿಟಕಿಯಲ್ಲಿ ಕಾಣುವುದು ಆಸ್ಪತ್ರೆಯ ಬಟ್ಟೆ ಒಗೆಯುವ ಕಟ್ಟಡದ ಹೊಗೆಕೊಳವೆ. ಮೂಗಿಗೆ ಆಕ್ಸಿಜನ್ನಿನ ಕೊಳವೆ. ಶ್ವಾಸಕೋಶ ಎರಡೂ ಹೋದಂತೆಯೇ, ಬಾಯಿ ಮಾತ್ರ ಗಟ್ಟಿಯಾಗಿದೆ.

‘ಬಂದ್ಯಾ ಚೊಕ್ಕಮ್ಮ? ಕೈ ತೊಳ್ಕೊಂಡು ಬಂದ್ಯಾ, ಇಲ್ಲಾ ನನ್ನ ಮುಟ್ಟಿದ್ಮೇಲೆ ತೊಳ್ಕೋತೀಯಾ?’

ಚೊಕ್ಕಮ್ಮ ಅಂದರೆ ನಾನು. ಆರು ವರ್ಷದವಳಿದ್ದಾಗ ಗೊಂಬೆಗೆ ಸೋಪು ಹಚ್ಚಿ ಉಜ್ಜಿ ಉಜ್ಜಿ ಅದರ ಹುಬ್ಬು ಅಳಿಸಿ ಹಾಕಿದ್ದಕ್ಕೆ ಅಕ್ಕ ಇಟ್ಟ ಹೆಸರು.

‘ನಿನ್ನ ನೆಗೆಟಿವ್ ನೋಡಿದೆ. ನೀನು ಫೋಟೋ ತೆಗೆದ್ಯೋ, ಕಸ ಗುಡಿಸಿದ್ಯೋ?’ ಎಂದೆ.

‘ಸೈಕಲ್ ಅಂಗಡಿ ಹಿಂದಿನ ಗೋದಾಮು ಕಣೆ ಅದು. ಅಲ್ಲಿ ಧೂಳಿರದೆ ಮಲ್ಲಿಗೆ ಹೂ ಉದುರ್ತಿತ್ತಾ?’ ಎಂದು ನಕ್ಕಳು. ನಗು ಕೆಮ್ಮಿಗೆ ತಿರುಗಿತು. ನರ್ಸು ಬಂದು ನನ್ನನ್ನೇ ಗದರಿದಳು.

ಕೆಮ್ಮು ನಿಂತ ಮೇಲೆ ಅಕ್ಕ ಹೇಳಿದಳು: ‘ಎರಡು ವರ್ಷ ತೆಗೆದೆ. ಒಂದೇ ಒಂದು ಫೋಟೋ ಯಾರೂ ಅಚ್ಚು ಹಾಕ್ಲಿಲ್ಲ. ನಂಗೆ ಕಣ್ಣಿಲ್ಲ, ಕೈಲಾಗಲ್ಲ ಅಂದ್ಕೊಂಡು ಕ್ಯಾಮೆರಾ ಮಾರಿಬಿಟ್ಟೆ. ಆಮೇಲೆ ಉದ್ದಕ್ಕೂ ಪಾಸ್‌ಪೋರ್ಟ್ ಫೋಟೋ. ಕಿವಿ ಕಾಣ್ಲಿ, ನಗ್ಬೇಡಿ. ಕಿವಿ ಕಾಣ್ಲಿ, ನಗ್ಬೇಡಿ. ಈಗ ಈ ಮ್ಯೂಸಿಯಮ್ ಹುಡುಗಿ ಬಂದು ಅದ್ಭುತ ಅಂತಾಳೆ. ಸುಳ್ಳೋ ನಿಜವೋ ಒಂದ್ಸಲ ಗೋಡೆ ಮೇಲೆ ನೋಡಿಬಿಡ್ತೀನಿ. ವೀಲ್‌ಚೇರಲ್ಲಿ ತಳ್ಕೊಂಡು ಹೋಗು. ಆಮೇಲೆ ಈ ಕೊಳವೆ ಕಿತ್ತಾಕಿದ್ರೂ ಸರಿ.’

‘ಅಪಶಕುನ ಮಾತಾಡ್ಬೇಡ’ ಎಂದೆ.

‘ಆಸ್ಪತ್ರೇಲಿ ಇನ್ನೇನು ಮಾತಾಡ್ಲಿ, ಮದುವೆ ಮಾತಾ?’

ಬರುವಾಗ ಕೈ ತೊಳೆದುಕೊಂಡು ಬಂದೆ. ಅವಳು ನೋಡುತ್ತಿರಲಿಲ್ಲ.

ಸೆಪ್ಟೆಂಬರ್ ೧೧, ಮಂಗಳವಾರ

ದೊಡ್ಡ ಪ್ರಿಂಟುಗಳು ಬಂದವು. ಮೂರು. ಒಂದೊಂದೂ ಮೇಜಿನ ಉದ್ದ. ಪ್ರದರ್ಶನದ ಕೊನೆಯ ಕೋಣೆಗೆ ಈ ಮೂರೇ ಅಂತೆ. ಒಂದರಲ್ಲಿ ಹಾಡುವ ಹುಡುಗಿ ಮೈಕಿನ ಮೇಲೆ ಬಾಗಿದ್ದಾಳೆ, ಇನ್ನೊಂದರಲ್ಲಿ ಗಿಟಾರಿನವನು ಮುಖ ಮೇಲೆತ್ತಿದ್ದಾನೆ, ಮೂರನೆಯದು ಡ್ರಮ್ಮಿನ ಹಿಂದಿನಿಂದ ತೆಗೆದದ್ದು, ಎದುರಿಗೆ ಬಾಯಿ ತೆರೆದ ಜನ. ಚಿತ್ರವೇನೋ ಸರಿ, ಆದರೆ ಇಷ್ಟು ಕೊಳಕು ನೆಗೆಟಿವ್ ನಾನು ಜನ್ಮದಲ್ಲಿ ನೋಡಿಲ್ಲ. ಕಪ್ಪು ಆಕಾಶಕ್ಕೆ ಯಾರೋ ಹಿಡಿ ಉಪ್ಪು ಎರಚಿದ ಹಾಗಿದೆ.

ಡಾರ್ಕ್‌ರೂಮಿನ ಮುದುಕರನ್ನು ಜಗಳಕ್ಕೆ ಕರೆದೆ. ಅವರನ್ನು ಎಲ್ಲರೂ ಕೆಂಪುದೀಪ ಎಂದೇ ಕರೆಯುವುದು. ಆ ಕೆಂಪು ಬೆಳಕಿನಲ್ಲೇ ಜೀವ ಸವೆಸಿದವರು, ಹಗಲಿನಲ್ಲಿ ಕಂಡರೆ ಗುರುತು ಸಿಗುವುದಿಲ್ಲ.

‘ಮೂರು ಸಲ ಊದಿ, ಒರೆಸಿ, ಪ್ರಿಂಟ್ ಹಾಕಿದೀನಿ ಕಣಮ್ಮ. ಹೋಗಲ್ಲ ಅದು’ ಎಂದರು.

‘ನಿಮ್ಗೆ ಒರೆಸೋಕೆ ಬಂದಿದ್ರೆ ನಂಗ್ಯಾಕೆ ಕೆಲಸ ಇರ್ತಿತ್ತು?’

‘ಬರೀ ಈ ಮೂರರಲ್ಲೇ ಯಾಕೆ ಹೀಗಿದೆ ಅಂತ. ಮಿಕ್ಕಿದ್ದೆಲ್ಲ ಸರಿಯಾಗೇ ಇದೆಯಲ್ಲ.’

ನಾನು ಭೂತಗನ್ನಡಿ ತೆಗೆದುಕೊಂಡು ಚಿತ್ರದ ಮೇಲೆ ಬಗ್ಗಿದೆ. ಕೆಲವು ಚುಕ್ಕೆಗಳಿಗೆ ಬಾಲವಿದೆ. ಅಕ್ಕ ಒದ್ದೆ ಕೈಯಲ್ಲಿ ನೆಗೆಟಿವ್ ಮುಟ್ಟಿರಬೇಕು. ಅವಳು ಯಾವತ್ತು ಕೈ ಒರೆಸಿಕೊಂಡಿದ್ದಾಳೆ? ಹುಡುಗಿಯ ಚಿತ್ರದಿಂದ ಶುರು ಮಾಡಿದೆ. ಯಾಕೋ ಅವಳು ಕಣ್ಣು ಕಿರಿದು ಮಾಡಿಕೊಂಡಿದ್ದಾಳೆ, ಬಿಸಿಲಿಗೆ ನಿಂತವರ ಹಾಗೆ. ಸಂಜೆಯೊಳಗೆ ನೂರಾ ಅರವತ್ತು ಚುಕ್ಕೆ ತುಂಬಿದೆ.

ಸೆಪ್ಟೆಂಬರ್ ೧೪, ಶುಕ್ರವಾರ

ಹಾಡುವ ಹುಡುಗಿಯದು ಮುಗಿಯಿತು. ಕೆಲಸದ ಕೋಣೆಯ ಬಲ್ಬು ಬದಲಿಸಿದ್ದಾರೆ, ಹೊಸದು ಶುದ್ಧ ಮಂಕು. ಹೇಳಿದರೆ, ‘ಬದಲಿಸಿಲ್ಲವಲ್ಲ ಮೇಡಂ’ ಎನ್ನುತ್ತಾರೆ. ಬಸ್ಸುಗಳ ಮೇಲೆ ನಂಬರನ್ನೂ ಈಚೆಗೆ ಏನೋ ಒಂದು ಥರ ಬರೆಯುತ್ತಿದ್ದಾರೆ. ಬೇರೆ ಬಸ್ಸು ಹತ್ತಿ ಎರಡು ಮೈಲಿ ನಡೆದೆ.

ಸೆಪ್ಟೆಂಬರ್ ೨೦, ಗುರುವಾರ

ಮೂರೂ ಮುಗಿದವು! ಒಟ್ಟು ಐನೂರ ಎಪ್ಪತ್ತು ಚುಕ್ಕೆ. ಮೂರು ಚಿತ್ರವನ್ನೂ ಗೋಡೆಗೆ ಒರಗಿಸಿ ದೂರ ನಿಂತು ನೋಡಿದೆ. ಕನ್ನಡಿ ಒರೆಸಿಟ್ಟ ಹಾಗೆ. ಕ್ಯುರೇಟರ್ ಹುಡುಗಿ ಬಂದು ಮೂರನ್ನೂ ಹತ್ತಿರದಿಂದ ನೋಡಿ ‘ನಿಮ್ಮ ಕೈ ಚಿನ್ನ ಮೇಡಂ’ ಎಂದಳು. ಅವಳಿಗೆ ಮೂವತ್ತು ದಾಟಿಲ್ಲ, ಹೊಗಳಿಕೆ ಮಾತ್ರ ಅರವತ್ತು ದಾಟಿದವರದ್ದು. ಆದರೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ನಾಳೆ ಚೌಕಟ್ಟಿಗೆ ಹೋಗುತ್ತವೆ, ಗಾಜು ಹಾಕಿ ಮುಚ್ಚಿಬಿಡುತ್ತಾರೆ.

ಈ ನೋಟ್‌ಬುಕ್ಕಿನ ಗೆರೆಗಳು ಪುಟದ ನಡುವೆ ಸ್ವಲ್ಪ ತಗ್ಗಿವೆ. ಮೊದಲ ಪುಟಗಳು ಸರಿಯಾಗಿದ್ದವು. ಅಗ್ಗದ ಮಾಲು.

ಸೆಪ್ಟೆಂಬರ್ ೨೪, ಸೋಮವಾರ

ನೆಗೆಟಿವ್ ಡಬ್ಬದ ತಳದಲ್ಲಿ ಒಂದು ಪಾಕೀಟು, ಅದಕ್ಕೆ ರಬ್ಬರ್ ಬ್ಯಾಂಡಿನಲ್ಲಿ ಸಿಕ್ಕಿಸಿದ ಒಂದು ಕಾಗದ. ಕಾಗದ ಒಂದು ಸಂಗೀತ ವಾರಪತ್ರಿಕೆಯ ಕಚೇರಿಯಿಂದ ಬಂದದ್ದು, ನಲವತ್ತು ವರ್ಷದ ಹಿಂದೆ.

‘ನಿಮ್ಮ ಹನ್ನೆರಡು ಚಿತ್ರಗಳನ್ನು ಹಿಂದಿರುಗಿಸುತ್ತಿದ್ದೇವೆ. ಬೆಳಕು, ಕೋನ ಎಲ್ಲ ಒಪ್ಪವಾಗಿದೆ. ಆದರೆ ಇವು ತೀರ ಶುಭ್ರವಾಗಿವೆ. ನಮ್ಮ ವರದಿಗಾರರು ಅಲ್ಲಿ ಕಣ್ಣಾರೆ ಕಂಡದ್ದು ನಿಮ್ಮ ಚಿತ್ರಗಳಲ್ಲಿ ಇಲ್ಲ. ಶಾಲಾ ವಾರ್ಷಿಕೋತ್ಸವದ ಫೋಟೋಗಳಂತಿವೆ.’

ಪಾಕೀಟಿನ ಅಂಟು ಬಿಟ್ಟಿರಲಿಲ್ಲ. ಅಕ್ಕ ಕಾಗದ ಓದಿ, ಪಾಕೀಟು ಬಿಚ್ಚದೆ ಹಾಗೇ ಒಗೆದಿದ್ದಾಳೆ. ನಾನು ಬಿಚ್ಚಿದೆ. ಹನ್ನೆರಡೂ ನಾನೇ ಚುಕ್ಕೆ ತುಂಬಿದವು! ಹದಿನಾರು ವರ್ಷ ನನಗಾಗ. ಅಡುಗೆಮನೆಯ ಮೇಜಿನ ಮೇಲೆ ಕೂತು ಎರಡು ದಿನ ಮಾಡಿದ ಕೆಲಸ, ನನ್ನ ಮೊಟ್ಟಮೊದಲ ಕೆಲಸ. ಅಕ್ಕ ರಾತ್ರಿ ಪ್ರಿಂಟು ಹಾಕಿಟ್ಟು ಬೆಳಿಗ್ಗೆ ಕಾರ್ಖಾನೆಗೆ ಹೋಗುತ್ತಿದ್ದಳು. ‘ದೊಡ್ಡ ಧೂಳಿದ್ರೆ ತುಂಬಿ, ಹಾಗೇ ಅಂಚೆಗೆ ಹಾಕ್ಬಿಡು’ ಎಂದಿದ್ದಳು. ನಾನು ಸಣ್ಣದನ್ನೂ ಬಿಡಲಿಲ್ಲ. ಲಕೋಟೆ ಅಂಟಿಸಿ ಅಂಚೆಗೆ ಹಾಕಿದ್ದೂ ನಾನೇ. ಅವಳು ನೋಡಿರಲಿಲ್ಲ.

ಭೂತಗನ್ನಡಿ ಇಟ್ಟು ನೋಡಿದೆ. ಹದಿನಾರು ವರ್ಷದ ಕೈಗೆ ಈ ಕೆಲಸ ಬಂದಿತ್ತಲ್ಲ ಎಂದು ಹೆಮ್ಮೆಯೇ ಆಯಿತು. ಆದರೆ ಆ ಕಾಗದದ ಮಾತು ಅರ್ಥವಾಗುತ್ತಿಲ್ಲ. ಶುಭ್ರವಾಗಿರುವುದೂ ಒಂದು ತಪ್ಪೇ? ಅವರ ವರದಿಗಾರರು ಅಲ್ಲಿ ಕಂಡದ್ದಾದರೂ ಏನು?

ಸೆಪ್ಟೆಂಬರ್ ೨೬, ಬುಧವಾರ

ಬರೆಯಬೇಕೋ ಬೇಡವೋ ಎಂದು ಒಂದು ಗಂಟೆ ಕೂತೆ. ಬರೆದುಬಿಡುತ್ತೇನೆ.

ಚಿತ್ರಗಳಲ್ಲಿ ಯಾರು ಯಾರು ಇದ್ದಾರೆಂದು ಗುರುತು ಹಿಡಿಯಲು ಕ್ಯುರೇಟರ್ ಹುಡುಗಿ ಒಬ್ಬರನ್ನು ಕರೆಸಿದ್ದಳು. ‘ಇವತ್ತು ನೀರಿಲ್ಲ’ ಎಂಬ ತಂಡದ ಡ್ರಮ್ಮಿನವರು. ತಂಡ ಒಂದೂವರೆ ವರ್ಷ ಬಾಳಿತಂತೆ, ಆಮೇಲೆ ಇವರು ಲಿಫ್ಟು ರಿಪೇರಿ ಕೆಲಸಕ್ಕೆ ಸೇರಿ ಅದರಲ್ಲೇ ನಿವೃತ್ತರಾದರು. ಕಿವಿ ಮಂದ, ಹಾಗಾಗಿ ಮಾತು ಜೋರು. ಮೊದಲ ಎರಡು ಕೋಣೆಯಲ್ಲಿ ಒಬ್ಬೊಬ್ಬರನ್ನೇ ತೋರಿಸಿ, ಇವನು ಸತ್ತ, ಇವಳು ಬೇಕರಿ ಇಟ್ಟಳು, ಇವನಿನ್ನೂ ಹಾಗೇ ಇದ್ದಾನೆ ಎಂದು ನಗಿಸುತ್ತ ಬಂದರು. ಕೊನೆಯ ಕೋಣೆಯಲ್ಲಿ ಮೂರು ದೊಡ್ಡ ಚಿತ್ರಗಳ ಮುಂದೆ ನಿಂತು ಗಾಜಿಗೆ ಮೂಗು ತಾಗುವಷ್ಟು ಬಾಗಿದರು.

‘ಇಲ್ಲಿ ಮಳೆ ಬರ್ತಿತ್ತಲ್ಲಮ್ಮ, ಎಲ್ಲಿ ಹೋಯ್ತು?’

‘ಗೋದಾಮಿನ ಒಳಗೆ ಎಂಥ ಮಳೆ?’ ಎಂದೆ.

‘ಉಗುಳು ತಾಯಿ, ಉಗುಳು! ನಮ್ಮ ಮೇಲೆ ಜನ ಉಗೀತಿದ್ರಲ್ಲ!’

ಅವರೇ ವಿವರಿಸಿದರು. ಆಗಿನ ಪದ್ಧತಿಯೇ ಹಾಗಂತೆ. ಹಾಡು ಇಷ್ಟವಾದಷ್ಟೂ ಉಗಿಯುವುದು. ಚಪ್ಪಾಳೆ ತಟ್ಟುವುದು ದೊಡ್ಡಮನುಷ್ಯರ ಸಂಗೀತಕ್ಕೆ, ಇದಕ್ಕೆ ಉಗುಳು. ‘ನಮ್ಗೂ ಅಸಹ್ಯಾನೇ, ಜ್ವರ ಎಲ್ಲ ಬರ್ತಿತ್ತು. ಆದ್ರೆ ಉಗೀದೇ ಇದ್ರೆ ಇನ್ನೂ ಬೇಜಾರು. ನಿಮ್ಮಕ್ಕ ನನ್ನ ಡ್ರಮ್ಮಿನ ಹಿಂದೆ ಮಂಡಿಯೂರಿ ಅದಕ್ಕೇ ಕಾಯ್ತಿದ್ಲು. ದೀಪಕ್ಕೆ ಅಡ್ಡ ಬಂದಾಗ ನಕ್ಷತ್ರದ ಥರ ಹೊಳೆಯುತ್ತೆ, ಅದೊಂದನ್ನ ಹಿಡಿದ್ರೆ ಸಾಕು ಅಂತಿದ್ಲು. ತಲೆ, ಕೋಟು, ಕ್ಯಾಮೆರಾ ಎಲ್ಲ ನೆನೆದಿರ್ತಿತ್ತು.’

ಆ ಕೋಟನ್ನು ಒಗೆಯುತ್ತಿದ್ದವಳು ನಾನು. ಬಿಯರು ಚೆಲ್ಲಿರಬೇಕು ಎಂದುಕೊಳ್ಳುತ್ತಿದ್ದೆ. ಅಮ್ಮ ನನ್ನನ್ನು ಆ ಗೋದಾಮಿನ ಕಡೆ ಸುಳಿಯಲೂ ಬಿಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಉಗಿಸಿಕೊಳ್ಳಲು ಟಿಕೆಟ್ಟೂ ಬೇಕಿರಲಿಲ್ಲ.

ಐನೂರ ಎಪ್ಪತ್ತು. ಬಾಲವಿದ್ದ ಚುಕ್ಕೆಗಳು. ಹಾಡುವ ಹುಡುಗಿ ಕಣ್ಣು ಕಿರಿದು ಮಾಡಿದ್ದು ಯಾಕೆಂದು ಈಗ ತಿಳಿಯಿತು. ಪ್ರತಿ ಚುಕ್ಕೆಗೂ ಬ್ರಷ್ಷಿನ ತುದಿ ನಾಲಿಗೆಗೆ ತಾಗಿಸಿದ್ದೆ, ನನ್ನ ಉಗುಳಿನಿಂದಲೇ ಅವರ ಉಗುಳನ್ನು ಒರೆಸಿದ್ದೇನೆ.

ಈಗ ಮಾಡಿದ್ದು ಮೂರು ಚಿತ್ರ. ಆಗ ಮಾಡಿದ್ದು ಹನ್ನೆರಡು. ಅಕ್ಕ ಕ್ಯಾಮೆರಾ ಮಾರಿದ್ದು ಆ ಹನ್ನೆರಡು ವಾಪಸು ಬಂದದ್ದಕ್ಕೆ.

ಸೆಪ್ಟೆಂಬರ್ ೨೮, ಶುಕ್ರವಾರ

ಕೆಂಪುದೀಪರ ಕಾಲು ಹಿಡಿಯುವುದೊಂದು ಬಾಕಿ. ಇನ್ನೊಂದು ಸಲ ಪ್ರಿಂಟು ಹಾಕಿ ಎಂದೆ. ‘ಪ್ರಿಂಟಿನ ಕಾಗದ ಮುಗೀತಮ್ಮ. ಆ ಅಳತೇಲಿ ಈಗ ತಯಾರು ಮಾಡೋದೇ ಇಲ್ಲ. ಕೊನೇ ಮೂರು ಹಾಳೆ ಇತ್ತು, ಮೂರೂ ನಿಮ್ಮ ಕೈಗೇ ಕೊಟ್ಟೆ’ ಎಂದರು. ಚಿಕ್ಕದಾಗಿಯಾದರೂ ಹಾಕಿ ಎಂದೆ. ಅದನ್ನು ಕ್ಯುರೇಟರ್ ಹುಡುಗಿಯನ್ನು ಕೇಳಿ ಎಂದರು.

ಹುಡುಗಿಗೆ ಎಲ್ಲ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು ಕೇಳಿಸಿಕೊಂಡಳು. ಕೈ ಹಿಡಿದುಕೊಂಡಾಗಲೇ ಕೆಲಸ ಕೆಟ್ಟಿತು ಎಂದುಕೊಂಡೆ.

‘ಮೇಡಂ, ಚೌಕಟ್ಟು ಹಾಕಾಯ್ತು, ಪುಸ್ತಕ ಅಚ್ಚಿಗೆ ಹೋಯ್ತು. ಇನ್ನೊಂದು ಮಾತು, ತಪ್ಪು ತಿಳ್ಕೋಬೇಡಿ. ಶಾಲೆ ಮಕ್ಕಳು ಬರ್ತಾರೆ. ಉಗುಳು ಕಾಣ್ದೇ ಇರೋದೇ ಒಂಥರಾ ಒಳ್ಳೇದಾಯ್ತು. ಯಾರಿಗೂ ಗೊತ್ತಾಗಲ್ಲ ಬಿಡಿ.’

ಯಾರಿಗೂ ಗೊತ್ತಾಗಬಾರದು ಎಂಬುದೇ ನಲವತ್ತು ವರ್ಷದಿಂದ ನನ್ನ ಹೆಗ್ಗಳಿಕೆಯಾಗಿತ್ತು. ಅಕ್ಕನಿಗೆ ಗೊತ್ತಾಗುತ್ತದೆ ಎಂದೆ. ಅವಳು ಕೈ ಬಿಟ್ಟಳು.

ಅಕ್ಟೋಬರ್ ೧, ಸೋಮವಾರ

ಚೌಕಟ್ಟು ಬಿಚ್ಚಿಸಿಕೊಟ್ಟರೆ ಬಿಳಿ ಬಣ್ಣದಿಂದ ನಾನೇ ಚುಕ್ಕೆ ವಾಪಸು ಇಡುತ್ತೇನೆ ಎಂಬ ಯೋಚನೆ ಬಂತು. ಮೂಲ ನೆಗೆಟಿವ್ ಪಕ್ಕದಲ್ಲಿಟ್ಟುಕೊಂಡು ಎಲ್ಲಿತ್ತೋ ಅಲ್ಲೇ ಇಟ್ಟರಾಯಿತು. ಹಾಳಾದ ಒಂದು ಚಿಕ್ಕ ಪ್ರಿಂಟಿನ ಮೇಲೆ ಪರೀಕ್ಷೆ ಮಾಡಿದೆ. ಇಟ್ಟ ಚುಕ್ಕೆ ಇಟ್ಟಲ್ಲಿ ಬೀಳಲಿಲ್ಲ. ಬ್ರಷ್ಷಿನ ತುದಿ ನೋಡಬೇಕೆಂದಾಗಲೆಲ್ಲ ಸರಿಯಾಗಿ ಅದರ ಮೇಲೇ ಬೂದು ಬಣ್ಣದ ಏನೋ ಬಂದು ಕೂರುತ್ತದೆ, ಪಕ್ಕಕ್ಕೆ ನೋಡಿದರೆ ಅದೂ ಪಕ್ಕಕ್ಕೆ ಬರುತ್ತದೆ. ಹತ್ತು ಚುಕ್ಕೆಯಲ್ಲಿ ಎರಡು ಹಾಡುವ ಹುಡುಗಿಯ ಹಲ್ಲಿನ ಮೇಲೆ ಬಿದ್ದವು.

ಬಲ್ಬು ಮಂಕು, ನಿದ್ದೆಯೂ ಸಾಲದು. ಪ್ರಿಂಟು ಹರಿದು ಬುಟ್ಟಿಗೆ ಹಾಕಿದೆ. ಸಿಂಕಿನಲ್ಲಿ ಮೂರು ದಿನದ ಪಾತ್ರೆ ಇವೆ.

ಅಕ್ಟೋಬರ್ ೪, ಗುರುವಾರ

ಅಕ್ಕ ಇಳಿದುಹೋಗಿದ್ದಾಳೆ. ಕೊಳವೆಯ ಗಾಳಿ ಹೆಚ್ಚಿಸಿದ್ದಾರೆ. ಮಾತಿನ ನಡುವೆ ನಿಂತು ಉಸಿರು ಎಳೆದುಕೊಳ್ಳುತ್ತಾಳೆ.

‘ಆ ಮೂರು... ಹೇಗೆ ಬಂದಿದೆ?’

‘ಚೆನ್ನಾಗಿದೆ.’

‘ಒಂದನ್ನಾದ್ರೂ ಫೋನಲ್ಲಿ ತೆಕ್ಕೊಂಡು ಬರಬಾರ್ದಾ?’

‘ಗೋಡೆ ಮೇಲೇ ನೋಡುವೆಯಂತೆ. ಈಗ್ಲೇ ಯಾಕೆ ಆತುರ?’

‘ಆತುರ ನಂಗಲ್ಲ ಕಣೆ. ಈ ಸಿಲಿಂಡರಿಗೆ.’

ಹೇಳಿಬಿಡಬೇಕೆಂದು ಹೋದವಳು ಹೇಳದೆ ಬಂದೆ. ಹೇಳಿದರೆ ಅವಳ ಬಳಿ ಉಳಿದಿರುವ ಹದಿನೈದು ದಿನವೂ ಹಾಳು. ಹೇಳದಿದ್ದರೆ ವೀಲ್‌ಚೇರಿನಲ್ಲಿ ತಳ್ಳಿಕೊಂಡು ಹೋಗಿ ಆ ಕೋಣೆಯಲ್ಲಿ ನಿಲ್ಲಿಸಬೇಕು. ಅವಳು ಹತ್ತೊಂಬತ್ತರವರೆಗೆ ಉಳಿಯದಿದ್ದರೆ ಒಳ್ಳೆಯದಿತ್ತೇನೋ ಎಂಬ ಯೋಚನೆ ಬಸ್ಸಿನಲ್ಲಿ ಬಂತು. ಸ್ವಂತ ಅಕ್ಕನ ಬಗ್ಗೆ! ನನ್ನ ಮುಖ ನನಗೇ ಬೇಡವಾಯಿತು.

ಅಕ್ಟೋಬರ್ ೯, ಮಂಗಳವಾರ

ಗೊತ್ತಾಯಿತು. ನಾನು ಹೇಳುವ ಮೊದಲೇ ಗೊತ್ತಾಯಿತು.

ಪ್ರದರ್ಶನಕ್ಕೆ ಅಕ್ಕನ ಒಪ್ಪಿಗೆಯ ರುಜು ಬೇಕು. ಅದಕ್ಕೆ ಕ್ಯುರೇಟರ್ ಹುಡುಗಿ ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗಿ ನಲವತ್ತಾರು ಚಿತ್ರಗಳನ್ನೂ ಟ್ಯಾಬ್ಲೆಟ್ಟಿನಲ್ಲಿ ತೋರಿಸಿದ್ದಾಳೆ. ನ್ಯಾಯವೇ. ಚಿತ್ರ ತೆಗೆದವಳು ನೋಡದೆ ಹೇಗೆ ರುಜು ಹಾಕಿಯಾಳು?

ನಾನು ಹೋದಾಗ ಅಕ್ಕ ಕಿಟಕಿಯ ಕಡೆ ಮುಖ ಮಾಡಿದ್ದಳು. ತಿರುಗಲಿಲ್ಲ.

‘ಉಗುಳು ಎಲ್ಲಿ?’

‘ಧೂಳು ಅಂದ್ಕೊಂಡೆ ಅಕ್ಕ’ ಎಂದೆ.

‘ಎಷ್ಟು ತುಂಬಿದೆ?’

‘ಐನೂರ ಎಪ್ಪತ್ತು.’

‘ಎಣಿಸಿದೀಯಾ!’ ಎಂದಳು. ಆಮೇಲೆ ಬಹಳ ಹೊತ್ತು ಉಸಿರು ಎಳೆದುಕೊಂಡಳು. ನಾನು ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ಅವಳ ತಲೆ ಓಡುವುದು ನನಗೆ ಗೊತ್ತಿಲ್ಲವೇ? ಅವಳು ಅಲ್ಲಿಗೆ ತಲುಪುವ ಮೊದಲೇ ನಾನೇ ಹೇಳಿದೆ. ಪಾಕೀಟು ಬಿಚ್ಚಿದ್ದು, ಹನ್ನೆರಡು ಚಿತ್ರ, ಅಡುಗೆಮನೆ, ಒಂದೂ ಬಿಡದೆ ತುಂಬಿದ್ದು, ಪತ್ರಿಕೆಯವರ ಕಾಗದ. ಹೇಳುತ್ತ ಹೇಳುತ್ತ ಅಳು ಬಂತು. ಅಳುವುದಕ್ಕೂ ನಾಚಿಕೆಯಾಯಿತು, ಅನ್ಯಾಯವಾದದ್ದು ಅವಳಿಗೆ, ಅಳುವವಳು ನಾನು.

ಅಕ್ಕ ಈಗ ಈ ಕಡೆ ತಿರುಗಿದಳು. ನನ್ನ ಮುಖವನ್ನೇ ನೋಡಿದಳು. ಅವಳ ಮುಖದಲ್ಲಿ ಏನಿತ್ತೋ ನನಗೆ ಕಾಣಲಿಲ್ಲ. ಸರಿಯಾಗಿ ಅವಳ ಮುಖವಿದ್ದ ಕಡೆಯೇ ಮಬ್ಬು, ಸುತ್ತ ದಿಂಬು, ಕೂದಲು, ಕಿಟಕಿ ಎಲ್ಲ ಸ್ಪಷ್ಟ. ಅತ್ತದ್ದಕ್ಕೆ ಹಾಗಾಗಿರಬೇಕು.

‘ಪಾಸ್‌ಪೋರ್ಟ್ ಫೋಟೋಗೆ ಯಾರೂ ಉಗೀತಿರ್ಲಿಲ್ಲ’ ಎಂದಳು. ಅಷ್ಟೇ. ಸ್ವಲ್ಪ ಹೊತ್ತಿನ ನಂತರ, ‘ಕಿಟಕಿ ಮುಚ್ಚು, ಚಳಿ. ಆ ಹುಡುಗಿಗೆ ನಾಳೆ ಬಾ ಅಂದಿದೀನಿ. ರುಜು ಹಾಕ್ಬೇಕಂತೆ.’

ಕಿಟಕಿ ಮುಚ್ಚಿದೆ. ಬೈಯಲಿಲ್ಲ ಅವಳು. ಮಾತುಮಾತಿಗೆ ಮುಖಕ್ಕೆ ಹೊಡೆದ ಹಾಗೆ ಬೈಯುವ ಅಕ್ಕ ಒಂದು ಮಾತು ಬೈಯಲಿಲ್ಲ.

ಅಕ್ಟೋಬರ್ ೧೨, ಶುಕ್ರವಾರ

ಮೊನ್ನೆ ಬೆಳಿಗ್ಗೆಯಿಂದ ಮುಖಕ್ಕೆ ದೊಡ್ಡ ಮಾಸ್ಕ್ ಹಾಕಿದ್ದಾರೆ. ಮಾತಿಲ್ಲ. ಔಷಧಿಯ ಮಂಪರಿನಲ್ಲಿದ್ದಾಳೆ. ಕೈ ಹಿಡಿದುಕೊಂಡು ಕೂತೆ. ಹಿಡಿದದ್ದು ತಿಳಿಯಿತೋ ಇಲ್ಲವೋ.

ವೀಲ್‌ಚೇರಿಗೆ ಹೇಳಿಟ್ಟಿದ್ದೆ. ಬೇಡ ಎಂದು ಹೇಳಿ ಬಂದೆ.

ಅಕ್ಟೋಬರ್ ೧೪, ಭಾನುವಾರ

ಹಾಗೇ ಇದ್ದಾಳೆ.

ಅಕ್ಟೋಬರ್ ೧೬, ಮಂಗಳವಾರ

ಮಧ್ಯಾಹ್ನ ಮೂರು ಗಂಟೆಗೆ ಹೋದಳು. ನಾನು ಕೆಳಗೆ ಟೀ ಕುಡಿಯಲು ಹೋಗಿದ್ದೆ.

ನರ್ಸು ಮಾಸ್ಕ್ ತೆಗೆದು, ಮುಖ ಒರೆಸಲು ಒದ್ದೆ ಬಟ್ಟೆ ನನ್ನ ಕೈಗೆ ಕೊಟ್ಟಳು. ನನ್ನಿಂದಾಗುವುದಿಲ್ಲ, ನೀವೇ ಒರೆಸಿ ಎಂದೆ.

ಅಕ್ಟೋಬರ್ ೧೯, ಶುಕ್ರವಾರ

ಹೋಗಬಾರದೆಂದುಕೊಂಡಿದ್ದೆ. ಕೆಂಪುದೀಪ ಮನೆಗೇ ಬಂದು ಕರೆದುಕೊಂಡು ಹೋದರು. ಇಸ್ತ್ರಿಯಿಲ್ಲದ ಸೀರೆ, ಸೆರಗಿನ ಮೇಲೆ ಟೀ ಚೆಲ್ಲಿದ ಕಲೆ. ನೀರು ಹಾಕಿ ಒರೆಸಬಹುದಿತ್ತು. ಹಾಗೇ ಹೋದೆ.

ಜನ ಕಿಕ್ಕಿರಿದಿದ್ದರು. ಡ್ರಮ್ಮಿನವರು ಬಂದಿದ್ದರು, ಬೇಕರಿಯವಳು ಬಂದಿದ್ದಳು. ತಲೆ ನರೆತವರು ಒಬ್ಬರನ್ನೊಬ್ಬರು ಬೆನ್ನಿಗೆ ಗುದ್ದಿ ಮಾತಾಡಿಸುತ್ತಿದ್ದರು. ಹಳೇ ಹಾಡುಗಳನ್ನು ಸಣ್ಣ ದನಿಯಲ್ಲಿ ಹಾಕಿದ್ದರು. ಕಿರುಚುವ ಹಾಡನ್ನು ಸಣ್ಣ ದನಿಯಲ್ಲಿ ಕೇಳಿಸುವುದು ಮ್ಯೂಸಿಯಮ್ಮಿನವರಿಗೆ ಮಾತ್ರ ಸಾಧ್ಯ. ಅಕ್ಕ ಇದ್ದಿದ್ದರೆ ಏನಾದರೂ ಅಂದಿರುತ್ತಿದ್ದಳು. ಏನೆನ್ನುತ್ತಿದ್ದಳು ಎಂದು ಹೊಳೆಯಲಿಲ್ಲ, ಅದೇ ಎಲ್ಲಕ್ಕಿಂತ ನೋವಾದದ್ದು.

ಕೊನೆಯ ಕೋಣೆಗೆ ಹೋದೆ. ಮೂರು ದೊಡ್ಡ ಚಿತ್ರಗಳು. ಬೇರೆ ಕೋಣೆಗಳಲ್ಲಿ ಪ್ರತಿ ಚಿತ್ರದ ಕೆಳಗೂ ಅಂಗೈ ಅಗಲದ ಒಂದು ಫಲಕ, ಅದರ ಮೇಲೆ ಅಕ್ಕನ ಹೆಸರು. ಇಲ್ಲಿ ಫಲಕ ಉದ್ದವಿತ್ತು. ಹತ್ತಿರ ಹೋದರೂ ಅಕ್ಷರ ಹಿಡಿಯಲಾಗಲಿಲ್ಲ, ಓದಹೋದ ಅಕ್ಷರವೇ ಮಾಯವಾಗಿ ಅಕ್ಕಪಕ್ಕದ್ದು ಉಳಿಯುತ್ತಿತ್ತು. ಪಕ್ಕದಲ್ಲಿ ಕೋಟು ತೋಳಿನ ಮೇಲೆ ಹಾಕಿಕೊಂಡ ಒಬ್ಬ ಹೆಂಗಸು ನಿಂತಿದ್ದಳು.

‘ಇದೇನು ಬರೆದಿದಾರೆ ಸ್ವಲ್ಪ ಓದ್ತೀರಾ? ಕನ್ನಡಕ ಮರೆತು ಬಂದಿದೀನಿ’ ಎಂದೆ. ಅವಳು ನನ್ನ ಮುಖ ನೋಡಿ ಒಂದು ಕ್ಷಣ ತಡೆದಳು. ಕನ್ನಡಕ ನನ್ನ ಮೂಗಿನ ಮೇಲೇ ಇತ್ತು.

‘ಗೋದಾಮಿನಲ್ಲಿ ಹಾಡುತ್ತಿರುವ ಹುಡುಗಿ. ಈ ಕೋಣೆಯ ಮೂರು ಚಿತ್ರಗಳು ನನ್ನವಲ್ಲ. ಇವು ನನ್ನ ತಂಗಿಯವು’ ಎಂದು ಓದಿದಳು. ಆಮೇಲೆ ಸ್ನೇಹದಿಂದ ಸೇರಿಸಿದಳು: ‘ಮಿಕ್ಕಿದ್ದೆಲ್ಲ ಅಕ್ಕ ತೆಗೆದಿದ್ದಂತೆ, ಇವು ಮಾತ್ರ ತಂಗಿಯದ್ದು. ನಿಜ ಹೇಳ್ಬೇಕಂದ್ರೆ ನಂಗೆ ಅಕ್ಕನಿಗಿಂತ ಇವಳದ್ದೇ ಇಷ್ಟ ಆಯ್ತು. ಎಷ್ಟು ಚೊಕ್ಕಟವಾಗಿದೆ ನೋಡಿ.’

ನಾನು ಹೂಂ ಎಂದೆ.

ಕ್ಯುರೇಟರ್ ಹುಡುಗಿಯನ್ನು ಜನರ ನಡುವಿನಿಂದ ಎಳೆದು ತಂದು ಕೇಳಿದೆ.

‘ಅವರೇ ಚೀಟಿ ಬರೆದು ಕೊಟ್ಟಿದ್ದು ಮೇಡಂ. ಹತ್ತನೇ ತಾರೀಕು. ಹಾಗೇ ಹಾಕಿದ್ರೆ ಮಾತ್ರ ರುಜು ಅಂತ ಬರೆದಿದ್ರು. ನಿಮ್ಗೆ ಗೊತ್ತಿರುತ್ತೆ ಅಂದ್ಕೊಂಡೆ.’

‘ಸಿಟ್ಟಲ್ಲಿ ಬರೆದ್ಲಾ?’

‘ಅಂದ್ರೆ?’

‘ಮುಖ ಹೇಗಿತ್ತು? ಸಿಟ್ಟಾಗಿದ್ಲಾ, ನಗ್ತಿದ್ಲಾ? ನಂಗೆ ಕೊಡ್ತಾ ಇದೀನಿ ಅನ್ನೋ ಹಾಗೆ ಬರೆದ್ಲಾ, ನಂಗೆ ಬೇಡ ಅನ್ನೋ ಹಾಗಾ?’

ಅವಳು ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದಳು. ಪಾಪ, ಸುಳ್ಳು ಹೇಳುವ ಹುಡುಗಿಯಲ್ಲ.

‘ಮಾಸ್ಕ್ ಹಾಕಿದ್ರಲ್ಲ ಮೇಡಂ. ಗೊತ್ತಾಗ್ಲಿಲ್ಲ.’

ಕೆಂಪುದೀಪ ಬಸ್ಸು ಹತ್ತಿಸಿ ಹೋದರು. ಪ್ರದರ್ಶನ ಮೂರು ತಿಂಗಳು ಇರುತ್ತದಂತೆ, ಆಮೇಲೆ ಬೇರೆ ಊರುಗಳಿಗೂ ಹೋಗುತ್ತದಂತೆ.